ದ್ಯಾಮಣ್ಣನ ಟ್ರಫಲ್ ತೋಟ

ದ್ಯಾಮಣ್ಣ ಹಟಕ್ಕೆ ಬಿದ್ದರೆ ಮುಗೀತು, ಬ್ರಹ್ಮ ಬಂದು ಹೇಳಿದರೂ ಕೇಳೋ ಆಸಾಮಿ ಅಲ್ಲ. ಪರದೇಶದ ವಿಮಾನದ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದಾಗಲೇ ಅಲ್ಲೇ ಡುವಾಲ್ ಅನ್ನೋ ಊರಲ್ಲಿ ಎರಡೆಕರೆ ಕೊಂಡು, ಬೇರಿಗೆ ಟ್ರಫಲ್ ಹಿಡಿಸಿದ ನೂರಿಪ್ಪತ್ತು ಹೇಜಲ್‌ನಟ್ ಸಸಿ ನೆಟ್ಟ. ಟ್ರಫಲ್ ಅಂದರೆ ನೆಲದೊಳಗೇ ಬೆಳೆಯುವ ಅಣಬೆ. ಕಣ್ಣಿಗೆ ಕಾಣೋದಿಲ್ಲ, ಪಳಗಿದ ನಾಯಿ ಮೂಸಿ ತೋರಿಸಬೇಕು. ತನ್ನ ಮಣ್ಣಲ್ಲಿ ಒಂದೇ ಒಂದು ಸಿಕ್ಕರೂ ಜನ್ಮ ಸಾರ್ಥಕ ಅಂತಿದ್ದ.

ಗಿಡ ಬಲಿಯಲಿ ಅಂತ ಒಂಬತ್ತು ವರ್ಷ ಕಾದು, ಆಮೇಲೆ ನಾಯಿ ರಾಜಿಯನ್ನು ತಾನೇ ಪಳಗಿಸಿದ. ಅಂಗಡಿಯಿಂದ ತಂದ ಟ್ರಫಲ್ ಚೂರನ್ನು ಹತ್ತಿಯಲ್ಲಿ ಸುತ್ತಿ ಹಿತ್ತಲಲ್ಲಿ ಹೂಳೋದು, ರಾಜಿ ಹುಡುಕಿದರೆ ಒಂದು ತುಂಡು ಚೀಸ್. ಚೂರುಗಳನ್ನಿಡಲು ಬಿಗಿ ಮುಚ್ಚಳದ ಡಬ್ಬಿ ಬೇಕಿತ್ತು, ಅಡುಗೆಮನೆಯಿಂದ ಒಂದನ್ನು ಎತ್ತಿಕೊಂಡ.

"ಅದು ಇಂಗಿನ ಡಬ್ಬಿ ಅದರೀ," ಅಂದಳು ಹೆಂಡತಿ ಚನ್ನಬಸಮ್ಮ.

"ತೊಳದೀನಿ ಬಿಡ."

ಅಲ್ಲ, ಇಂಗಿನ ವಾಸನೆ ತೊಳೆದರೆ ಹೋಗುತ್ತದೆಯೇ? ಏಳು ಜನ್ಮಕ್ಕೂ ಹೋಗೋದಿಲ್ಲ! ಇಷ್ಟು ಓದಿದವನಿಗೆ ಅಷ್ಟು ತಿಳಿಯಲಿಲ್ಲ ನೋಡಿ. ಹಿತ್ತಲಲ್ಲಿ ಹೂತದ್ದನ್ನೆಲ್ಲ ರಾಜಿ ಕ್ಷಣದಲ್ಲಿ ತೆಗೆಯಿತು. ತೋಟದಲ್ಲಿ ಮಾತ್ರ ಮೂರು ಚಳಿಗಾಲ ಸುತ್ತಿದರೂ ಎಲ್ಲೂ ಕಾಲು ಕೆರೆಯಲಿಲ್ಲ.

"ಗಿಡಾನ ಗೊಡ್ಡು," ಅಂದ ದ್ಯಾಮಣ್ಣ. ಹನ್ನೆರಡು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಇನ್ನೊಂದು ವರ್ಷ ತಡೀರಿ ಅಂತ ಚನ್ನಬಸಮ್ಮ ಕಣ್ಣೀರು ಹಾಕಿದರೂ ಕೇಳದೆ, ಯಂತ್ರ ತರಿಸಿ ಅಷ್ಟನ್ನೂ ಬೇರುಸಹಿತ ಕೀಳಿಸಿದ.

ತಿಂಗಳಾದ ಮೇಲೆ ಹತ್ತಿರದ ಶೋರ್‌ಲೈನ್ ಊರಿನಿಂದ ಪೂರ್ಣಿಮಾ ಬಂದಳು. ನಾಯಿಗಳನ್ನು ಪಳಗಿಸುವುದೇ ಅವಳ ಕೆಲಸ. ಕೆಲಸಕ್ಕೆ ಬಾರದ ರಾಜಿಯನ್ನು ಕೊಟ್ಟುಬಿಡೋಣ ಅಂತ ದ್ಯಾಮಣ್ಣನೇ ಕರೆದಿದ್ದ. ಅವಳ ಜೊತೆ ಬಂದ ನಾಯಿ ಕಾರಿನಿಂದ ಇಳಿದದ್ದೇ ಕಿತ್ತ ಬೇರುಗಳ ರಾಶಿಗೆ ಓಡಿ ಕೆರೆಯತೊಡಗಿತು. ನಿಂಬೆಹಣ್ಣಿನಷ್ಟು ದಪ್ಪದ ಕರಿ ಟ್ರಫಲ್ ಗಡ್ಡೆಯೊಂದು ಹೊರಬಂತು. ಇನ್ನೊಂದು. ಮತ್ತೆರಡು. ಹಿಮ ಬಿದ್ದು ಎಲ್ಲವೂ ಕೊಳೆತಿದ್ದವು.

ರಾಜಿಯನ್ನು ಪಳಗಿಸಿದ್ದು ಹೇಗೆಂದು ಕೇಳಿ, ಪೂರ್ಣಿಮಾ ಆ ಡಬ್ಬಿ ತರಿಸಿ ಮೂಸಿದಳು. "ಅಂಕಲ್, ಇದ್ರಲ್ಲಿಟ್ಟು ಟ್ರೇನ್ ಮಾಡಿದ್ರಾ? ಪಾಪ, ರಾಜಿ ಇಷ್ಟು ದಿನ ಇಂಗನ್ನೇ ಹುಡುಕ್ತಾ ಇತ್ತು."

ಇಂಗು ತಿಂದ ಮಂಗ ಅಂತಾರಲ್ಲ, ಹಾಗಾಯಿತು ಅವನ ಮುಖ. ನಗಬೇಡಿ, ನೆನೆದರೆ ಹೊಟ್ಟೆ ಉರಿಯುತ್ತದೆ.

"ಈ ಬೇರು ಮತ್ತೆ ಹೂಳಿದ್ರೆ?" ಅಂದ.

"ಎಲ್ಲಾ ಸತ್ತು ಹೋಗಿವೆ, ಅಂಕಲ್."

ರಾಜಿಯನ್ನು ಅಲ್ಲೇ ಬಿಟ್ಟು ಅವಳು ಹೊರಟಳು. ಚನ್ನಬಸಮ್ಮ ಬಂದು ಗಂಡನ ಪಕ್ಕ ಕೂತಳು.

"ಮತ್ತ ಹಚ್ಚೋಣ್ರಿ."

"ಹನ್ನೆರಡು ವರ್ಷ ಬೇಕಲ್ಲ," ಅಂದ ದ್ಯಾಮಣ್ಣ. "ನನಗೀಗ ಎಪ್ಪತ್ತೆರಡು, ಚನ್ನೀ."