ಬರ್ಚ್ ಮರದಡಿಯ ಲಕ್ಷ್ಮಿ

ಅವನಿಯನ್ನು ಕಂಡರೆ ಸ್ಟಾಕ್‌ಹೋಮಿನ ಕನ್ನಡಿಗರಿಗೆ ಅಷ್ಟಕ್ಕಷ್ಟೆ. ಕಾರಣ ಗುಟ್ಟಿನದೇನಲ್ಲ. ಹಿಂದಿನ ವರ್ಷ ದೀಪಾವಳಿಯ ಸಂಘದೂಟಕ್ಕೆ ಎಲ್ಲರೂ ಬಾಡಿಗೆ ಹಾಲ್‌ನೊಳಗೆ ಹೋಳಿಗೆ ಮುರಿಯುತ್ತಿದ್ದಾಗ, ಈ ಹುಡುಗಿ ಹೊರಗೆ ಡ್ಯೂಟಿಯಲ್ಲಿದ್ದಳು. ಕೊಮ್ಮುನ್, ಅಂದರೆ ಅಲ್ಲಿನ ನಗರಸಭೆ, ಅವಳನ್ನು ಪಾರ್ಕಿಂಗ್ ಕಾವಲಿಗೆ ಇಟ್ಟುಕೊಂಡಿತ್ತು. ಜನ ರಸ್ತೆ ದಾಟುವ ಕಡೆ ಮೂತಿ ಚಾಚಿ ನಿಂತಿದ್ದ ಕಾರಿಗೆ ದಂಡದ ಚೀಟಿ ಸಿಕ್ಕಿಸಿ ಅವಳು ಮುಂದೆ ನಡೆದಳು. ಕಾರು ಸಂಘದ ಅಧ್ಯಕ್ಷ ರಾಮಮೂರ್ತಿಯವರದು. ಯಾರೋ ಹೊರಗಿನವರೇನಲ್ಲ ಅವರು, ಚಿಕ್ಕಂದಿನಲ್ಲಿ ಅವಳನ್ನು ಎತ್ತಿ ಆಡಿಸಿದವರು!

“ನಮ್ಮವಳೇ ಆಗಿ ಹೀಗಾ?” ಎಂದು ಸಿಕ್ಕಲ್ಲೆಲ್ಲ ಕೇಳಿಸಿಕೊಂಡವಳು ಅವಳ ತಾಯಿ ಜಾನಕಿ. ಮಗಳ ಮುಂದೆ ಮಾತ್ರ ಒಂದು ದಿನವೂ ಆ ಸುದ್ದಿ ಎತ್ತಲಿಲ್ಲ. ಅಮ್ಮನಿಗೆ ತನ್ನ ಮೇಲೆ ಒಳಗೊಳಗೇ ಸಿಟ್ಟಿದೆ ಎಂದೇ ಅವನಿ ತಿಳಿದಿದ್ದಳು, ಅದು ಅವಳನ್ನು ಚುಚ್ಚುತ್ತಿತ್ತು.

೨೦೧೬ರ ನವೆಂಬರಿನಲ್ಲಿ ಇನ್ನೊಂದು ತಲೆನೋವು ಬಂತು. ಜಾನಕಿಯ ಬಡಾವಣೆಯ ಚೌಕದ ಹಿಂದೆ ಮರುಬಳಕೆಯ ಡಬ್ಬಿಗಳ ಸಾಲಿತ್ತು. ಬಾಟಲಿಗೊಂದು, ರಟ್ಟಿಗೊಂದು, ಡಬ್ಬಕ್ಕೊಂದು, ಪೇಪರಿಗೊಂದು. ಯಾರೋ ಡಬ್ಬಿಗಳ ಹೊರಗೆ ಪದೇಪದೇ ಸಾಮಾನು ಬಿಟ್ಟು ಹೋಗುತ್ತಿದ್ದಾರೆಂದು ದೂರುಗಳು ಬಂದು, ಆ ಜಾಗವನ್ನೇ ಎತ್ತಿಬಿಡೋಣವೆಂದು ಕೊಮ್ಮುನ್ ಕಚೇರಿ ಹೊರಟಿತು. ಎತ್ತಿದರೆ ಕಾರಿಲ್ಲದ ಮುದುಕರು ಚೀಲ ಹೊತ್ತು ಬಸ್ಸು ಹತ್ತಬೇಕು. ಮೀಟಿಂಗಿನಲ್ಲಿ ಅವನಿ ಎದ್ದು ನಿಂತಳು. “ತಿಂಗಳ ಕೊನೆವರೆಗೆ ಬಿಡಿ. ಯಾರೆಂದು ಹಿಡಿದು, ಹೆಸರು ಬರೆದು ಕೊಡುತ್ತೇನೆ. ಯಾರೇ ಆಗಿರಲಿ.” ಮೇಲಧಿಕಾರಿ ಒಪ್ಪಿದ. ತಿಂಗಳು ಮುಗಿಯುತ್ತ ಬಂತು. ಮೂಲೆಯ ಬರ್ಚ್ ಮರದಡಿ ಒಂದು ಗಂಟು ಸಿಕ್ಕಿದ್ದು ಆಗ.

ಸಹೋದ್ಯೋಗಿ ಲೇನಾ ಗಂಟು ಬಿಚ್ಚಿದಳು. ಕೆಂಪು ರವಿಕೆ ಕಣದೊಳಗೆ ಗಾಜು ಒಡೆದ ಲಕ್ಷ್ಮಿಯ ಫೋಟೋ, ಹಣೆಗೆ ಕುಂಕುಮ. “ಕಲಾಕೃತಿಯಾ?” ಎಂದಳು ಲೇನಾ. ಅವನಿ ಬಗ್ಗಿ ಪಟವನ್ನು ನೋಡಿದಳು. ಒಡೆದ ದೇವರ ಪಟವನ್ನು ಕಸಕ್ಕೆ ಹಾಕದೆ ಮರದ ಬುಡದಲ್ಲಿ ಒರಗಿಸಿಡುವ ಜನ ಯಾರೆಂದು ಅವಳಿಗೆ ಗೊತ್ತಿಲ್ಲವೇ? ಬೆಂಗಳೂರಿನ ಅಜ್ಜಿಮನೆ ಬೀದಿಯ ಅರಳಿಕಟ್ಟೆಯಲ್ಲಿ ಅಂಥವನ್ನು ಎಷ್ಟು ನೋಡಿದ್ದಳು! ರಾಮಮೂರ್ತಿಯವರದೇ ಕೆಲಸ ಎಂದುಕೊಂಡಳು. ಹಾಗೆ ಅಂದುಕೊಳ್ಳಲು ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಬೇಕು.

ಶುಕ್ರವಾರ ಇಬ್ಬರೂ ಕಾದರು. ಸಂಜೆಯಾಗುವ ಮೊದಲೇ ಕತ್ತಲಾಗಿತ್ತು. ಲೇನಾ ಚೌಕದ ಆಚೆ, ಅವನಿ ಡಬ್ಬಿಗಳ ಹಿಂದೆ. ಕಾಲ್ಬೆರಳು ಮರಗಟ್ಟುತ್ತಿದ್ದವು. ಕಾರೊಂದು ಬಂದು ನಿಲ್ಲಿಸಬಾರದ ಜಾಗದಲ್ಲೇ ನಿಂತಿತು. ಅದೇ ಕಾರು! ಅವನಿ ಚೀಟಿಯ ಯಂತ್ರ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಡ್ರೈವರ್ ಪಕ್ಕದ ಸೀಟಿನ ಬಾಗಿಲು ತೆರೆಯಿತು. ಮೊಣಕಾಲು ನೋವಿನವರು ಇಳಿಯುವ ಹಾಗೆ ಮೆಲ್ಲಗೆ, ಎದೆಗೊಂದು ಗಂಟು ಅವುಚಿಕೊಂಡು, ಜಾನಕಿ ಇಳಿದಳು.

“ಅಮ್ಮಾ?”

ಜಾನಕಿ ಬೆಚ್ಚಿದಳು. ರಾಮಮೂರ್ತಿ ಕಿಟಕಿ ಇಳಿಸಿ, “ಲಿಫ್ಟ್ ಕೊಟ್ಟೆ ಅಷ್ಟೇ ಕಣಮ್ಮ, ಕಾಲು ನೋವು ಅಂದ್ರು,” ಎಂದರು.

“ಇಲ್ಲಿ ತಂದು ಇಡ್ತಿರೋದು ನೀನಾ?”

“ಏನ್ಮಾಡ್ಲಿ? ವರ್ಕ್ ಪರ್ಮಿಟ್ ಮುಗಿದು ಊರಿಗೆ ಹೋಗೋ ಹುಡುಗ್ರೆಲ್ಲ, ಆಂಟಿ ನೀವೇ ನೋಡ್ಕೊಳ್ಳಿ ಅಂತ ದೇವರನ್ನ ನಮ್ಮನೇಲಿ ಬಿಟ್ಟು ಹೋಗ್ತಾರೆ. ಗೋಡೆ ತುಂಬಿ ಹೋಯ್ತು. ಒಡೆದಿರೋದನ್ನ ಮನೇಲಿ ಇಟ್ಕೋಬಾರ್ದು. ಕಸಕ್ಕೆ ಹಾಕೋಕೆ ಕೈ ಬರಲ್ಲ. ಯಾವ ಡಬ್ಬಿಗೆ ಹಾಕ್ಲಿ, ನೀನೇ ಹೇಳು.”

ಅವನಿ ಸಾಲನ್ನು ನೋಡಿದಳು. ಅಲ್ಲಿಗೆ ಖಾಲಿ ಬಾಟಲಿ, ಖಾಲಿ ಡಬ್ಬ ಮಾತ್ರ. ಕಟ್ಟು ಹಾಕಿದ ಗಾಜಿಗೂ ಡಬ್ಬಿಯಿಲ್ಲ, ಮರಕ್ಕೂ ಇಲ್ಲ. ದೇವರಿಗಂತೂ ಇರಲೇ ಇಲ್ಲ.

ಚೌಕದ ಆಚೆಯಿಂದ ಲೇನಾಳ ಟಾರ್ಚು ಇತ್ತಲೇ ಬರುತ್ತಿತ್ತು. “ಬಿಟ್ಬಿಡಮ್ಮ,” ಎಂದರು ರಾಮಮೂರ್ತಿ ತಗ್ಗಿದ ದನಿಯಲ್ಲಿ. “ಗಂಟು ಕಾರಲ್ಲಿಡು, ಹೊರಟೋಗ್ತೀವಿ. ಅವಳಿನ್ನೂ ನೋಡಿಲ್ಲ.”

ಅದು ನಿಜ. ಬಾಗಿಲು ತೆರೆದೇ ಇತ್ತು. ಹೆಸರು ಬರೆದರೆ ದೂರು ಪೊಲೀಸರಿಗೆ ಹೋಗುತ್ತದೆ, ಜನ್ಮದಲ್ಲಿ ಠಾಣೆ ಮೆಟ್ಟಿಲು ಹತ್ತದ ಅಮ್ಮನ ಹೆಸರು. ಬರೆಯದಿದ್ದರೆ ಡಬ್ಬಿಗಳು ಹೋಗುತ್ತವೆ, ಅವಳ ಮಾತೂ ಹೋಗುತ್ತದೆ. ಅವನಿ ಅಮ್ಮನ ಕೈಯ ಗಂಟಿನತ್ತ ಕೈ ಚಾಚಿದಳು, ಕಾರಿನೊಳಗೆ ಇಟ್ಟುಬಿಡಲು. ಅಷ್ಟರಲ್ಲಿ ಲೇನಾ ಬಂದೇಬಿಟ್ಟಳು.

“ಇವರನ್ನು ಬಲ್ಲೆಯಾ?” ಎಂದು ಸ್ವೀಡಿಷ್‌ನಲ್ಲಿ ಕೇಳಿದಳು.

“ನನ್ನ ಅಮ್ಮ,” ಎಂದಳು ಅವನಿ.

ಲೇನಾಳ ಮುಖ ಮೆತ್ತಗಾಯಿತು. “ಹಾಗಾದರೆ ಬಾಯಿಮಾತಿನ ಎಚ್ಚರಿಕೆ ಸಾಕು. ಯಾರೆಂದು ಗೊತ್ತಾಗಲಿಲ್ಲ ಅಂದುಬಿಡೋಣ.”

ಫ್ಲೆಮಿಂಗ್ಸ್‌ಬೆರ್ಯ್ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದ ಜಾನಕಿಗೆ ಸ್ವೀಡಿಷ್ ಅರ್ಥವಾಗದೆ ಇರುತ್ತದೆಯೇ? ಅವಳು ಲೇನಾಳಿಗೆ ಬೇಡವೆಂದು ತಲೆಯಾಡಿಸಿ ಮಗಳ ಕಡೆ ತಿರುಗಿದಳು.

“ಬರಿ.”

“ಅಮ್ಮ, ಸುಮ್ನಿರು.”

“ದೀಪಾವಳಿ ದಿನ ಇವ್ರಿಗೆ ಬರೆದ್ಯಲ್ಲ, ಆವತ್ತಿಂದ ಒಬ್ಬೊಬ್ಬರ ಹತ್ರಾನೂ ಜಗಳ ಆಡಿದೀನಿ. ನನ್ನ ಮಗಳು ಮುಖ ನೋಡಿ ಬರೆಯೋಳಲ್ಲ, ನಾನು ತಪ್ಪು ಮಾಡಿದ್ರೂ ಬಿಡಲ್ಲ ಅಂದಿದೀನಿ. ಕೇಳು ಇವ್ರನ್ನೇ.”

ರಾಮಮೂರ್ತಿ ಸ್ಟಿಯರಿಂಗ್ ನೋಡುತ್ತ ಕೂತರು.

“ನನ್ನ ಮಾತು ಸುಳ್ಳು ಮಾಡ್ಬೇಡ, ಅವನಿ. ಬರಿ. ಆಮೇಲೆ ಈ ದೇವರನ್ನೆಲ್ಲ ಎಲ್ಲಿಡ್ಬೇಕು ಅಂತ ನಿನ್ನ ಕೊಮ್ಮುನ್ ಹೇಳ್ಲಿ.”

ಹಾಗೆಂದು ಗಂಟನ್ನು ಮಗಳ ಕೈಗಿತ್ತಳು. ಅವನಿ ಗ್ಲೌಸು ಕಿತ್ತೆಸೆದು, ಎರಡೂ ಕೈಯಲ್ಲಿ ತೆಗೆದುಕೊಂಡು, ತನಗೇ ಗೊತ್ತಿಲ್ಲದೆ ಕಣ್ಣಿಗೊತ್ತಿಕೊಂಡಳು. ಕಣ್ಣು ಒದ್ದೆಯಾಗಿತ್ತು. ಕೈ ಖಾಲಿಯಿಲ್ಲದ್ದರಿಂದ ಬರೆಯುವುದು ಲೇನಾಳ ಪಾಲಿಗೆ ಬಂತು. ಅಮ್ಮನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದವಳು ಅವನಿ.