ನನ್ನ ಪ್ರಬಂಧ ಹರಿದು ಹಾಕಿದ ನರ್ಸಮ್ಮ

ನರ್ಸಮ್ಮನ ಹಿಮ್ಮಡಿಗಳು ಬೇಸಿಗೆಯ ಗದ್ದೆಯಂತೆ ಒಡೆದಿದ್ದವು. ಮೂವತ್ತು ವರ್ಷ ನಮ್ಮೂರು ಎಮ್ಮಿಗನೂರಿನ ಓಣಿ, ಬದುಗಳನ್ನು ತುಳಿದ ಕಾಲು. ಸೂಜಿಗೆ ಅಳುವ ಮಕ್ಕಳನ್ನಲ್ಲ, ಹೊರಗೆ ಬೀಡಿ ಸೇದುತ್ತ ನಿಂತ ಅಪ್ಪಂದಿರನ್ನು ಬೈಯುವ ಬಾಯಿ. ಯಾರನ್ನಾದರೂ ಹೊಗಳಲೇಬೇಕಾಗಿ ಬಂದರೆ, "ಅಡ್ಡಿಲ್ಲ, ಕತ್ತೆಗಿಂತ ವಾಸಿ" ಎನ್ನುತ್ತಿದ್ದರು.

ನಾನು ಜೆನೆಟಿಕ್ ಕೌನ್ಸೆಲಿಂಗ್ ಎಂ.ಎಸ್ಸಿ.ಗೆ ಅರ್ಜಿ ಹಾಕಲು ಹೊರಟಿದ್ದೆ. ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಮನೆಮಂದಿಗೆ ತಿಳಿಹೇಳುವ ಓದು ಅದು. ಸಹಾಯ ಕೇಳಿದರೆ ಹೊಸಪೇಟೆಯ ನಮ್ಮ ಕಾಲೇಜಿನ ಮಹಾಪಂಡಿತರೆಲ್ಲ ಕೈಚೆಲ್ಲಿದರು. ವಿಭಾಗದ ಮುಖ್ಯಸ್ಥರಂತೂ ಎರಡು ವಾರ ಅಲೆದಾಡಿಸಿ ಕೊಟ್ಟ ಶಿಫಾರಸು ಪತ್ರದಲ್ಲಿ ನನ್ನ ವಾಲಿಬಾಲ್ ಆಟವನ್ನು ಕೊಂಡಾಡಿದ್ದರು. ನಾನು ಚೆಂಡು ಮುಟ್ಟಿದವಳೇ ಅಲ್ಲ. ಇಂಥವರಿಗೆ ಮೂರು ವರ್ಷ ಎದ್ದು ನಿಂತು ನಮಸ್ಕಾರ ಹೇಳಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಬೇರೆ ದಾರಿಯಿಲ್ಲದೆ ನರ್ಸಮ್ಮನ ಹತ್ತಿರ ಹೋದೆ. ಎರಡು ತಿಂಗಳು ತಮ್ಮ ಜೊತೆ ಮನೆಮನೆ ಸುತ್ತಿಸಿದರು. ಯಾವ ಮನೆಗೆ ಯಾವ ಮನೆಯ ಹೆಣ್ಣು ಬಂದಿದ್ದಾಳೆ, ಎಲ್ಲಿ ಕೂಸು ಉಳಿಯಲಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ. ಕೊನೆಗೊಂದು ದಿನ ಅರ್ಜಿಯ ಜೊತೆ ಕಳಿಸಬೇಕಾದ ಪ್ರಬಂಧವನ್ನು ಕನ್ನಡದಲ್ಲಿ ಹೇಳು ಎಂದರು. ಅಜ್ಞಾನದಿಂದ ರಕ್ತಸಂಬಂಧದಲ್ಲೇ ಮದುವೆಯಾಗುವ ಹಳ್ಳಿ ಜನ ಎಂದು ಭರ್ಜರಿಯಾಗಿ ಶುರುಮಾಡಿದ್ದೆ.

"ನಿಮ್ಮವ್ವ ಯಾರನ್ನ ಮದಿವಿ ಆಗ್ಯಾಳ?" ಎಂದು ಕೇಳಿದರು.

"ಸೋದರಮಾವನ್ನರಿ."

"ಎರಡು ವರ್ಷಕ್ಕ ಹೋದ ನಿನ್ನ ತಮ್ಮ ಇದರಾಗ ಎಲ್ಲಿ ಅದಾನ?"

ನಾನು ಹಾಳೆ ಮಡಚತೊಡಗಿದೆ. ಅದನ್ನು ಕಿತ್ತುಕೊಂಡು ಹರಿದರು. "ಮಂದೀನ ಕೀಳು ಮಾಡಿ ಸೀಟು ಕೇಳಾಕ ಹೊಂಟೀಯೇನ? ಮೊದ್ಲ ನಿಮ್ಮವ್ವನ ಮುಂದ ಕುಂತು ಹೇಳು. ಅಲ್ಲಿ ಬಾಯಿ ಬಂದ್ರ ಅರ್ಜಿ ಹಾಕು."

ಕಾಲೇಜಿನವರಿಗಿಂತ ನಾನೇನೂ ಮೇಲಾಗಿರಲಿಲ್ಲ. ತಮ್ಮನ ಕಾಯಿಲೆಯ ಹೆಸರು ಆಸ್ಪತ್ರೆಯ ಹಳೆಯ ಚೀಟಿಯಲ್ಲಿತ್ತು. ಅದನ್ನು ಹಿಡಿದು ಅವ್ವನೆದುರು ಕೂತೆ. ಅಪ್ಪನಲ್ಲೂ ಅವಳಲ್ಲೂ ತಣ್ಣಗಿದ್ದ ಒಂದೇ ದೋಷ ಕೂಸಿನಲ್ಲಿ ಜೋಡಿಯಾಯಿತು, ಇದು ಯಾರು ಮಾಡಿದ್ದೂ ಅಲ್ಲ ಎಂದು ತಡವರಿಸುತ್ತ ಹೇಳಿದೆ. ಅವ್ವ ಆ ಚೀಟಿಯನ್ನು ಕೈಗೆ ತೆಗೆದುಕೊಂಡಳು.

"ಹಂಗಾರ ಅದು ನಾ ಗ್ರಹಣದಾಗ ಹೊರಗ ಹೋಗಿದ್ದಕ್ಕ ಅಲ್ಲ?"

ಹದಿನಾರು ವರ್ಷ ಅವಳು ಹಾಗೇ ನಂಬಿದ್ದಳು. ಯಾರ ಮನೆಯ ತೊಟ್ಟಿಲ ಕಾರ್ಯಕ್ಕೂ ಹೋಗುತ್ತಿರಲಿಲ್ಲ. ಯಾಕೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಹೊಸದಾಗಿ ಬರೆದ ಪ್ರಬಂಧಕ್ಕೆ ಸೀಟು ಸಿಕ್ಕಿತು. ಕಾಲೇಜಿನವರು ತಮ್ಮ ಮಾರ್ಗದರ್ಶನದ ಫಲವೆಂದು ಫ್ಲೆಕ್ಸ್ ಹಾಕಿಕೊಂಡರು. ಮಾನಗೆಟ್ಟವರು, ಹಾಕಿಕೊಳ್ಳಲಿ.

ನರ್ಸಮ್ಮ ಹೋದ ಸುಗ್ಗಿಯಲ್ಲಿ ತೀರಿಕೊಂಡರು. ಅದಾಗಿ ತಿಂಗಳಿಗೆ ಪಕ್ಕದ ಮನೆಯಲ್ಲಿ ತೊಟ್ಟಿಲಿತ್ತು. ಅವ್ವ ತಾನಾಗಿಯೇ ಹೊಸ ಸೀರೆಯುಟ್ಟು ಹೋಗಿ, ಆ ಕೂಸನ್ನು ಎತ್ತಿಕೊಂಡಳು. ಓಡಿಹೋಗಿ ಹೇಳೋಣವೆಂದರೆ ನರ್ಸಮ್ಮ ಇಲ್ಲ.