ಮಾವನವರ ಹೆಸರು ಹೇಳಿದ ದಿನ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸವಣೂರಿನಿಂದ ದಿನಾ ಬಸ್ಸಿನಲ್ಲಿ ಶಿಗ್ಗಾವಿಗೆ ಹೋಗಿ ಡೇಟಾಬೇಸ್ ನೋಡಿಕೊಳ್ಳುವುದನ್ನು ಕಲಿಯುತ್ತಿದ್ದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ವೀಳ್ಯದೆಲೆ ತೋಟದವರ ಸಂಘವೊಂದು ಕಂಪ್ಯೂಟರ್ ತಂದಿಟ್ಟು, ಅದಕ್ಕೆ ಒಬ್ಬರನ್ನು ತಯಾರು ಮಾಡುತ್ತಿತ್ತು. ಆ ಒಬ್ಬರು ನಾನೇ ಆಗಬೇಕೆಂಬ ಹಟ ನನ್ನದು. ಸೊಸೆ ಹೀಗೆ ಊರೂರು ತಿರುಗುವುದು ಮನೆಯಲ್ಲಿ ಯಾರಿಗೂ ಸರಿಬರುತ್ತಿರಲಿಲ್ಲ. ಮಾವನವರು ಮಾತ್ರ, ಕಲಿಯುವುದು ಮುಗಿಯಲಿ, ಕೆಲಸದ ಮಾತು ಆಮೇಲೆ ನೋಡೋಣ ಎಂದಿದ್ದರು. ಆ ಆಮೇಲೆ ಎಂಬುದು ನೆನಪಾದರೆ ಸಾಕು, ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದೆ.

ಕಲಿಸಲು ಪುಣೆಯಿಂದ ಸರ್ ಒಬ್ಬರು ಬಂದಿದ್ದರು. ಕಂಪ್ಯೂಟರಿನಲ್ಲಿ ತೋಟದವರ ಪಟ್ಟಿಯ ಒಂದು ಟೇಬಲ್, ತೋಟಗಳ ಪಟ್ಟಿಯ ಒಂದು ಟೇಬಲ್. ಎರಡನ್ನೂ ಜೋಡಿಸಲು ಒಂದು ಗುರುತು ಬೇಕು, ಒಬ್ಬರ ಗುರುತು ಇನ್ನೊಬ್ಬರಿಗೆ ಇರಬಾರದು ಎಂದರು. ತನ್ನ ಹೆಸರು, ತಂದೆಯ ಹೆಸರು, ಊರು, ಇಷ್ಟಿದ್ದರೆ ಸಾಕು ಎಂದು ಕಲಿಯುವವರೆಲ್ಲ ಸೇರಿ ಹೇಳಿದೆವು. ಮೂರೂ ಒಂದೇ ಬಂದರೆ ಎರಡು ಸಲ ಬರೆದದ್ದು ಎಂದುಕೊಂಡು ಒಂದನ್ನು ತೆಗೆದುಹಾಕಿದೆವು.

ನಮ್ಮ ಸೀಮೆಯಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆಂದು ನಮಗೇನು ಗೊತ್ತಿರಲಿಲ್ಲವೇ? ಆದರೂ ಹೊಳೆಯಲಿಲ್ಲ. ಮನೆಯಲ್ಲಿ ಆ ಹೆಸರು ಹಿಡಿದು ಕರೆದರಲ್ಲವೇ ಹೊಳೆಯುವುದು! ಮಾವನವರ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಅದೇ ಹೆಸರಿನ ನನ್ನ ಮಗ ನನಗೆ ಬರೀ ಸಣ್ಣಾವ.

ಕಡೆಯ ದಿನ ಸಂಘದ ಹಿರಿಯರು ನೋಡಲು ಬಂದರು. ಮಾವನವರೂ ಹೊಸ ರುಮಾಲು ಸುತ್ತಿಕೊಂಡು ಬಂದು ಮುಂದಿನ ಬೆಂಚಿನ ಮೇಲೆ ಕೂತರು. ಅಧ್ಯಕ್ಷರು ಮಾವನವರ ಹೆಸರನ್ನೇ ಹುಡುಕಿಸಿದರು. ಪರದೆಯ ಮೇಲೆ ಬಂದದ್ದು ಆರು ವರ್ಷದ ಹುಡುಗ, ಬಾವಿ ದಂಡೆಯ ಒಂದು ತುಂಡು ಎಲೆತೋಟ. ಮೊಮ್ಮಗನ ಹೆಸರಿಗೆ ಅವರೇ ಬರೆದುಕೊಟ್ಟ ತುಂಡು ಅದು. ಜನ ನಕ್ಕರು. ಮಾವನವರ ಮುಖ ಕೆಂಪಾಯಿತು. ಸುಳ್ಳು ಹೇಳುವ ಯಂತ್ರ ನಮಗೆ ಬೇಡ, ಕಟ್ಟಿಡಿ ಎಂದು ಅಧ್ಯಕ್ಷರು ಎದ್ದೇಬಿಟ್ಟರು.

ತಪ್ಪು ಎಲ್ಲಿದೆಯೆಂದು ನನಗೆ ಆಗಲೇ ತಿಳಿದಿತ್ತು. ಬಿಡಿಸಿ ಹೇಳಬೇಕೆಂದರೆ ಮಾವನವರ ಹೆಸರಷ್ಟೇ ಸಾಲದು, ಗಂಡನ ಹೆಸರೂ ಬೇಕು. ನನ್ನ ಗಂಡನಿಗೆ ಇಟ್ಟದ್ದು ಮಾವನವರ ತಂದೆಯ ಹೆಸರು; ಹಾಗಾಗಿ ಅಜ್ಜ, ಮೊಮ್ಮಗ ಇಬ್ಬರ ತಂದೆಯ ಹೆಸರೂ ಒಂದೇ. ಹೇಳಿದರೆ ಮಾವನವರು ಇನ್ನು ಬಸ್ಸು ಹತ್ತಲು ಬಿಡುವುದಿಲ್ಲ. ಹೇಳದಿದ್ದರೆ ಕೆಲಸವೇ ಇರುವುದಿಲ್ಲ. ಹಾಳಾಗಿ ಹೋಗಲಿ ಎಂದು ಬಾಯಿ ಬಿಟ್ಟೆ. ಬರೆಯಲು ಇಂದಿಗೂ ಕೈ ಏಳದ ಆ ಎರಡು ಹೆಸರುಗಳನ್ನು ಅವರ ಎದುರಿಗೇ ಗಟ್ಟಿಯಾಗಿ ಹೇಳಿದೆ.

“ಈ ಹೆಸರಿನವರು ಇಬ್ರು ಅದಾರ್ರಿ. ಒಬ್ರು ನಮ್ಮ ಮಾವಾರು, ಒಬ್ಬಾಂವ ನನ್ನ ಮಗ. ನಾವು ಇಬ್ರನ್ನೂ ಒಬ್ರು ಅಂತ ತಿಳಕೊಂಡೇವಿ. ಒಬ್ಬೊಬ್ರಿಗೂ ಒಂದೊಂದು ನಂಬರ್ ಕೊಟ್ರ ಸರಿ ಆಗ್ತೈತ್ರಿ.”

ಹೌದಲ್ಲ ಎಂದು ಸರ್ ತಾವೇ ನಕ್ಕರು. ಅಧ್ಯಕ್ಷರು ಮತ್ತೆ ಕೂತು, ನಂಬರ್ ಹಾಕುವುದನ್ನು ನಾಳೆಯಿಂದ ನಾನೇ ಶುರುಮಾಡಬಹುದು, ಮನೆಯವರು ಕಳಿಸುವುದಾದರೆ ಕೆಲಸವೂ ನನ್ನದೇ ಎಂದರು. ಮಾವನವರು ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಊರಿಗೆ ಮರಳುವ ಬಸ್ಸಿನಲ್ಲಿ ಬಂಕಾಪುರ ದಾಟುವ ತನಕ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಬೈದಾದರೂ ಬಿಡಬಾರದೇ ಅನಿಸುತ್ತಿತ್ತು. ಕೊನೆಗೆ ಅವರು ಈ ಕಡೆ ತಿರುಗಿದರು.

“ನಮ್ಮವ್ವ ಹ್ವಾದ ಮ್ಯಾಲ ಮನಿ ಮಂದಿ ಬಾಯಾಗ ನನ್ನ ಹೆಸರು ಕೇಳಿದ್ದ ಇಲ್ಲ ಯವ್ವಾ.”

ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ನಾಳಿಂದ ಸಣ್ಣಾವನ್ನ ಹೆಸರು ಹಿಡದ ಎಬ್ಬಸು. ನಾನೂ ಕೇಳ್ತೇನಿ. ಆಮ್ಯಾಲ ನಿನ್ನ ಬಸ್ಸಿಗೆ ಹೋಗು.”